ಅಪ್‌ಡೇಟ್: ಚಲಿಸುವ ರಾಟೆಯ ಲೆಕ್ಕ ಬಗೆಹರಿಯಿತು

ಮೊದಲು ಕೇಳಿದ್ದು ಇಷ್ಟು: ನುಣುಪಾದ ಮೇಜಿನ ಮೇಲೆ 1 ಕೆಜಿ ಬ್ಲಾಕ್. ಅದಕ್ಕೆ ಕಟ್ಟಿದ ದಾರ ಅಂಚಿನ ರಾಟೆ ದಾಟಿ, ಚಲಿಸುವ ರಾಟೆಯ ಕೆಳಗಿಂದ ಸುತ್ತಿ, ಚಾವಣಿಗೆ ಬಿಗಿದಿದೆ. ಆ ರಾಟೆಗೆ 4 ಕೆಜಿ ನೇತುಹಾಕಿದೆ. ದಾರಕ್ಕೂ ರಾಟೆಗಳಿಗೂ ತೂಕವಿಲ್ಲ. ವೇಗೋತ್ಕರ್ಷ ಎಷ್ಟು?

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. "ಮೊದಲು ಬಲ ಬೇಡ, ದಾರದ ಉದ್ದ ನೋಡು" ಅಂದ ಸಲಹೆಯೇ ಕೆಲಸ ಮಾಡಿತು. ರಾಟೆ 1 ಸೆಂಮೀ ಇಳಿದರೆ ಅದರ ಎರಡೂ ಬದಿಗೆ ತಲಾ 1 ಸೆಂಮೀ ದಾರ ಬೇಕು. ಅದು ಮೇಜಿನ ಕಡೆಯಿಂದಲೇ ಬರಬೇಕು, ಅಲ್ವಾ? ಹಾಗಾಗಿ ಬ್ಲಾಕ್ 2 ಸೆಂಮೀ ಸರಿಯುತ್ತದೆ. ರಾಟೆಯ ವೇಗೋತ್ಕರ್ಷ a ಆದರೆ ಬ್ಲಾಕ್‌ನದು 2a.

ಆಮೇಲಿನದು ಸುಲಭ. ದಾರದ ಎಳೆತ T ಆದರೆ, 1 ಕೆಜಿ ಬ್ಲಾಕ್‌ಗೆ T = 1 × 2a = 2a. g (ಗುರುತ್ವ ವೇಗೋತ್ಕರ್ಷ) ಅನ್ನು 10 ಹಿಡಿದರೆ 4 ಕೆಜಿಯ ತೂಕ 40 ನ್ಯೂಟನ್; ರಾಟೆಯನ್ನು ಎರಡು ಎಳೆ ಮೇಲಕ್ಕೆ ಎಳೆಯುತ್ತವೆ: 40 − 2T = 4a. ಬಿಡಿಸಿದರೆ a = 5 ಮೀ/ಸೆ², T = 10 ನ್ಯೂಟನ್. ಬ್ಲಾಕ್‌ನ ವೇಗೋತ್ಕರ್ಷ 10, ಅಂದರೆ g ಯಷ್ಟೇ! ಇದು ನೋಡಿ ಅನುಮಾನ ಬಂತು. ಆದರೆ ಬ್ಲಾಕ್ ತಾನಾಗಿ ಬೀಳುತ್ತಿಲ್ಲ, ದಾರ ಎಳೆಯುತ್ತಿದೆ. ಹಾಗಾಗಿ g ಮಿತಿಯೇ ಅಲ್ಲ. 4 ಕೆಜಿ ಬದಲು 8 ಕೆಜಿ ಹಾಕಿದರೆ ಬ್ಲಾಕ್‌ನದು 13.3 ಆಗುತ್ತದೆ.

ಘರ್ಷಣೆ ಸೇರಿಸಿಯೂ ನೋಡಿದೆ. ಗುಣಾಂಕ 0.4 ಇದ್ದರೆ ಘರ್ಷಣೆ 4 ನ್ಯೂಟನ್, ಹಾಗಾಗಿ T − 4 = 2a. ಆಗ a = 4, T = 12. ವೇಗೋತ್ಕರ್ಷ ಕಡಿಮೆಯಾದರೂ ಎಳೆತ ಜಾಸ್ತಿ.

ಮುಂದಿನದು ತೂಕವಿರುವ ರಾಟೆ. ಅಲ್ಲಿ ಎರಡೂ ಬದಿಯ T ಬೇರೆ ಬೇರೆ. ಅದನ್ನು ಹೊಸ ಪ್ರಶ್ನೆಯಾಗಿ ಕೇಳುತ್ತೇನೆ.