ಸ್ಕ್ಯಾನ್‌ನಲ್ಲಿ ಒಂದು, ಬಯಾಪ್ಸಿಯಲ್ಲಿ ಇನ್ನೊಂದು: ಯಾವುದನ್ನು ನಂಬುವುದು?

ಪ್ರಶ್ನೆ (ಉಡುಪಿ): ಅಮ್ಮನಿಗೆ 61 ವರ್ಷ. ಹೊಟ್ಟೆ ಉಬ್ಬಿತ್ತು, ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದೇ ಬಂತು. ಆಮೇಲೆ ಸಿಟಿ ಸ್ಕ್ಯಾನ್‌ನಲ್ಲಿ ಹೊಟ್ಟೆ ತುಂಬ ನೀರು, ಅಂಡಾಶಯದ ಕ್ಯಾನ್ಸರ್ ಇರಬಹುದು ಅಂದರು. ಅಂಡಾಶಯದ ಕ್ಯಾನ್ಸರ್ ಅನುಮಾನಕ್ಕೆ ಮಾಡುವ ರಕ್ತಪರೀಕ್ಷೆ ಸಿಎ-125 ಕೂಡ ಜಾಸ್ತಿ. ಈಗ ಬಯಾಪ್ಸಿಯಲ್ಲಿ ಪೆರಿಟೋನಿಯಲ್ ಮೀಸೋಥೀಲಿಯೋಮಾ ಅಂತ ಬಂದಿದೆ. ಯಾರು ಸರಿ?

ಉತ್ತರ (ಪೆಥಾಲಜಿಸ್ಟ್, ಮಂಗಳೂರು): ಸ್ಕ್ಯಾನ್ ಮಾಡಿದವರದ್ದು ತಪ್ಪಲ್ಲ. ಪೆರಿಟೋನಿಯಲ್ ಮೀಸೋಥೀಲಿಯೋಮಾ ಅಂದರೆ ಹೊಟ್ಟೆಯ ಒಳಪದರದಲ್ಲೇ ಹುಟ್ಟುವ ಕ್ಯಾನ್ಸರ್; ಈ ಅಪರೂಪದ ಗಡ್ಡೆ ಸ್ಕ್ಯಾನ್‌ನಲ್ಲಿ ಹರಡಿದ ಅಂಡಾಶಯದ ಕ್ಯಾನ್ಸರ್ ತರವೇ ಕಾಣುತ್ತದೆ. ಸಿಎ-125 ಎರಡರಲ್ಲೂ ಏರಬಹುದು, ಅದೊಂದನ್ನೇ ನಂಬಿ ಕೂರಬೇಡಿ.

ತೀರ್ಮಾನ ಆಗುವುದು ಬಯಾಪ್ಸಿ ತುಣುಕಿನ ಮೇಲೆ ಮಾಡುವ ಐಎಚ್‌ಸಿ ಪರೀಕ್ಷೆಯಲ್ಲಿ, ಅಂದರೆ ಜೀವಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ಬಣ್ಣ ಹಾಕಿ ನೋಡುವುದು. ರಿಪೋರ್ಟ್‌ನಲ್ಲಿ ಈ ಪ್ರೋಟೀನ್‌ಗಳ ಪೈಕಿ ಕ್ಯಾಲ್‌ರೆಟಿನಿನ್ ಪಾಸಿಟಿವ್, ಪಾಕ್ಸ್-8 ಮತ್ತು ಕ್ಲಾಡಿನ್-4 ನೆಗೆಟಿವ್ ಅಂತ ಇದೆಯಾ ನೋಡಿ. ಇದ್ದರೆ ಮೀಸೋಥೀಲಿಯೋಮಾ ಕಡೆ ತೂಕ ಜಾಸ್ತಿ. ಬರೀ ಡಬ್ಲ್ಯೂಟಿ-1 ಪಾಸಿಟಿವ್ ಅಂತ ಬರೆದು ಬಿಟ್ಟಿದ್ದರೆ ನನಗೆ ಸಮಾಧಾನ ಇಲ್ಲ, ಯಾಕೆಂದರೆ ಸೀರಸ್ ಎಂಬ ಬಗೆಯ ಅಂಡಾಶಯದ ಕ್ಯಾನ್ಸರ್‌ನಲ್ಲೂ ಅದು ಪಾಸಿಟಿವ್ ಬರುತ್ತದೆ.

ಪ್ರಶ್ನೆ: ಸೆಕೆಂಡ್ ಒಪೀನಿಯನ್‌ಗೆ ಮಣಿಪಾಲವಾ, ಮಂಗಳೂರಾ?

ಉತ್ತರ: ಎಲ್ಲಿಗಾದರೂ ಹೋಗಿ, ಕೈಯಲ್ಲಿ ಬಯಾಪ್ಸಿಯ ಬ್ಲಾಕ್ ಇರಲಿ ಮಾರಾಯ್ರೆ! ಜನ ಫೈಲು, ಸಿಡಿ ಎಲ್ಲ ತರುತ್ತಾರೆ, ಅದನ್ನೇ ಬಿಟ್ಟು ಬರುತ್ತಾರೆ. ಬೆರಳಗಲದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಮೇಣದಲ್ಲಿ ಕೂತ ಸಣ್ಣ ತುಣುಕು, ಅಂಚಿನಲ್ಲಿ ನಂಬರ್. ಹೊಸ ಪರೀಕ್ಷೆಗೆ ಅದರಿಂದಲೇ ಕತ್ತರಿಸಬೇಕು. ಲ್ಯಾಬ್‌ನಲ್ಲಿ ಅರ್ಜಿ ಕೊಟ್ಟು ಕೇಳಿ. ಬಿಸಿಲಲ್ಲಿ ಕಾರಿನೊಳಗೆ ಮಾತ್ರ ಬಿಡಬೇಡಿ, ಮೇಣ ಅಲ್ವಾ.

ಪ್ರಶ್ನೆ (ಇನ್ನೊಬ್ಬರು): ಇದು ಆಸ್ಬೆಸ್ಟಾಸ್‌ನಿಂದ ಬರುವುದಂತೆ. ಅವರ ಅಮ್ಮ ಹಂಚಿನ ಕಾರ್ಖಾನೆಯಲ್ಲಿ ದುಡಿದವರಾ?

ಉತ್ತರ: ಮಂಗಳೂರು ಹಂಚು ಮಣ್ಣಿನದ್ದು, ಅದರಲ್ಲಿ ಆಸ್ಬೆಸ್ಟಾಸ್ ಇಲ್ಲ. ಆಸ್ಬೆಸ್ಟಾಸ್ ಇರುವುದು ಸಿಮೆಂಟ್ ಶೀಟಿನಲ್ಲಿ. ಅದರ ಸಂಪರ್ಕ ಇಲ್ಲದವರಿಗೂ, ಅದರಲ್ಲೂ ಹೆಂಗಸರಿಗೆ, ಹೊಟ್ಟೆಯಲ್ಲಿ ಇದು ಬರುವುದುಂಟು. ಸುಮ್ನೆ ಹಳೆ ಕೆಲಸ ಕೆದಕಿ ಅವರನ್ನು ಹೆದರಿಸಬೇಡಿ.

ಪ್ರಶ್ನೆ: ಹೊಟ್ಟೆಯ ನೀರು ತೆಗೆದು ನೋಡಿದರೆ ಸಾಲದಾ?

ಉತ್ತರ: ಎಷ್ಟೋ ಸಲ ಸಾಲುವುದಿಲ್ಲ. ಇನ್ನೊಂದು, ಹೊಟ್ಟೆಯ ಟಿಬಿ ಕೂಡ ಹೀಗೇ ಇರುತ್ತದೆ: ನೀರು, ದಪ್ಪಗಾದ ಪದರ, ಏರಿದ ಸಿಎ-125. ಅದು ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ಹಾಗಾಗಿ ತುಣುಕು ನೋಡದೆ ಕೀಮೋ ಶುರು ಮಾಡೋಣ ಅಂದರೆ ಯಾಕೆ ಅಂತ ಕೇಳಿ. ಮೀಸೋಥೀಲಿಯೋಮಾ ಖಚಿತವಾದರೆ ಗಡ್ಡೆ ತೆಗೆದು ಹೊಟ್ಟೆಯೊಳಗೇ ಬಿಸಿ ಕೀಮೋ ಕೊಡುವ ಹೈಪೆಕ್ ಆಗುತ್ತದಾ ಅಂತ ಕ್ಯಾನ್ಸರ್ ಸರ್ಜನ್ ಹತ್ತಿರ ಕೇಳಿ. ಅಮ್ಮನ ಶಕ್ತಿ, ಗಡ್ಡೆ ಹರಡಿದ ರೀತಿ ನೋಡಿ ಅವರು ಹೇಳುತ್ತಾರೆ.