ಬೆಂಕಿಗೂ ನಮಗೂ ಒಂದೇ ಗಾಳಿ ಬೇಡ

ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಟೈಪ್ ಮಾಡುತ್ತ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಚಹಾ ಕುಡಿಯುತ್ತ ಕೇಳಿ.

ತಮ್ಮಾ, ನೀನು ಬೆಳಿಗ್ಗೆ ಹಾಕಿದ್ದು ನೋಡಿದೆ. ಜನವರಿಯಲ್ಲಿ ಟ್ರಾವೆಲರ್ ವ್ಯಾನ್ ತೆಗೆದುಕೊಂಡು ಹಿಮಾಚಲದ ಸ್ಪಿತಿಗೆ ಹೋಗುತ್ತೀರಿ, ನೀನೂ ಸೊಸೆಯೂ ಗಾಡಿಯಲ್ಲೇ ಹಿಂದೆ ಮಲಗುತ್ತೀರಿ, ಗ್ಯಾಸ್ ಹೀಟರ್ ಇಡೋಣವಾ ಡೀಸೆಲ್ ಹೀಟರ್ ಕೂಡಿಸೋಣವಾ ಅಂತ ಕೇಳಿದ್ದೀಯ. ಅದರ ಕೆಳಗೇ ಮಾಮಾ ಬರೆದಿದ್ದಾರೆ, ಎರಡೂ ಯಾಕೆ, ಒಂದು ಕೆಂಡದ ಶೇಗಡಿ ಇಟ್ಟುಕೊಳ್ಳಿ, ಇದ್ದಿಲು ಇಲ್ಲಿಂದಲೇ ಒಯ್ಯಿರಿ ಅಂತ. ಭಾವ ಕೇಳಿದ್ದು ಬೇರೆ. ಉದ್ಯಮಬಾಗ ಕೈಗಾರಿಕಾ ಪ್ರದೇಶದ ತಮ್ಮ ಶೆಡ್‌ನಲ್ಲಿ ಬೆಳಗಿನ ಶಿಫ್ಟಿನ ಹುಡುಗರಿಗೆ ಕೈ ಮರಗಟ್ಟುತ್ತವೆ, ಅದೇ ಹೀಟರ್ ಅಲ್ಲಿಗೂ ಆಗುತ್ತದಾ ಅಂತ. ಮೂವರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಮಾಮಾ, ಮೊದಲು ನಿಮ್ಮದು. ಬೇಸರ ಮಾಡಿಕೊಳ್ಳಬೇಡಿ. ಶೇಗಡಿ ಅಂಗಳದಲ್ಲಿ ಚಂದ, ಸುತ್ತ ಕೂತು ಹರಟೆ ಹೊಡೆಯೋದಕ್ಕೆ ಅದಕ್ಕಿಂತ ಬೇರೆ ಬೇಡ. ಆದರೆ ಬಾಗಿಲು ಹಾಕಿಕೊಂಡು ಮಲಗುವ ಜಾಗಕ್ಕೆ ಬೇಡವೇ ಬೇಡ. ಹೊಗೆ ಹೋಯಿತು, ಈಗ ಬರೀ ಕೆಂಡ ಉಳಿದಿದೆ, ಒಳಗೆ ತಂದರೆ ಏನಾಗುತ್ತದೆ ಅಂತ ನಾವು ಧೈರ್ಯ ಮಾಡುತ್ತೇವಲ್ಲ, ಕಾರ್ಬನ್ ಮೊನಾಕ್ಸೈಡ್ ಬರೋದು ಆ ಕೆಂಡದಿಂದಲೇ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ನಮ್ಮ ರಕ್ತ ಆಕ್ಸಿಜನ್‌ಗಿಂತ ಇದನ್ನು 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗೋದಿಲ್ಲ. ನಮ್ಮ ಬೆಳಗಾವಿಯಲ್ಲೇ 2025ರ ನವೆಂಬರ್‌ನಲ್ಲಿ ಚಳಿ ಅಂತ ಕೋಣೆಯಲ್ಲಿ ಇದ್ದಿಲು ಹೊತ್ತಿಸಿಕೊಂಡು ಮಲಗಿದ ಮೂವರು ಹುಡುಗರು ಮತ್ತೆ ಏಳಲಿಲ್ಲ. ನೀವೂ ಆ ಸುದ್ದಿ ಕೇಳಿರುತ್ತೀರಿ.

ಇದು ಇದ್ದಿಲಿನ ಕಥೆ ಮಾತ್ರ ಅಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರವಾನ್ ಒಳಗೆ ಇಬ್ಬರು ಸತ್ತರು. ಅಲ್ಲಿ ಕೆಂಡ ಇರಲಿಲ್ಲ, ಚಳಿಯೂ ಇರಲಿಲ್ಲ. ಏಸಿಗೆ ಅಂತ ಹಚ್ಚಿದ್ದ ಜನರೇಟರಿನ ಹೊಗೆ ತಳದ ಸಂದಿಯಿಂದ ಒಳಗೆ ಬಂದಿತ್ತು. ಅದೇ ತಿಂಗಳು ಜಾರ್ಜಿಯಾ ದೇಶದ ಗುಡೌರಿಯಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ದೇಶದ 11 ಜನ ತೀರಿಕೊಂಡರು. ಅಲ್ಲೂ ಮಲಗುವ ಕೋಣೆಗಳ ಹತ್ತಿರ, ಮುಚ್ಚಿದ ಜಾಗದಲ್ಲಿ ಜನರೇಟರ್ ಇಟ್ಟಿದ್ದರು.

ಅದಕ್ಕೇ ತಮ್ಮಾ, ಯಾವ ಹೀಟರ್ ನೋಡಿದರೂ ರೇಟು ಆಮೇಲೆ ಕೇಳು. ಮೊದಲು ಅದು ಉರಿಯೋದಕ್ಕೆ ಗಾಳಿ ಎಲ್ಲಿಂದ ಎಳೆದುಕೊಳ್ಳುತ್ತದೆ, ಉರಿದ ಹೊಗೆ ಎಲ್ಲಿಗೆ ಬಿಡುತ್ತದೆ ಅಂತ ಕೇಳು. ಎರಡಕ್ಕೂ ಉತ್ತರ ಗಾಡಿಯ ಹೊರಗೆ ಅಂತ ಬಂದರೆ ಮಾತ್ರ ಮುಂದಿನ ಮಾತು.

ಗ್ಯಾಸ್ ಸಿಲಿಂಡರ್ ಮೇಲೆ ಕೂರಿಸುವ ಆ ಕೆಂಪಗೆ ಉರಿಯುವ ಹೀಟರ್ ಇಲ್ಲೇ ಫೇಲ್. ಅದು ನೀವು ಉಸಿರಾಡುವ ಗಾಳಿಯನ್ನೇ ತಿನ್ನುತ್ತದೆ, ಉರಿದಿದ್ದೆಲ್ಲ ನಿಮ್ಮ ಮೇಲೇ ಬಿಡುತ್ತದೆ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ರೆಸಾರ್ಟ್ ಕೋಣೆಯೊಳಗೆ ಗ್ಯಾಸ್ ಹೀಟರ್ ಹಚ್ಚಿಕೊಂಡು ಮಲಗಿದ ಕೇರಳದ 8 ಜನ ತೀರಿಕೊಂಡರು, ಅದರಲ್ಲಿ 4 ಮಕ್ಕಳು. ಅಪಾಯ ಬಿಡು, ಬೇರೆ ತೊಂದರೆಯೂ ಇದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಜಾಸ್ತಿ ನೀರು ಹಬೆಯಾಗಿ ಒಳಗೇ ಸೇರುತ್ತದೆ. ನೀವಿಬ್ಬರು ಮಲಗಿದರೆ ಉಸಿರಿನಿಂದಲೇ ರಾತ್ರಿಗೆ ಅರ್ಧ ಲೀಟರ್ ಬರುತ್ತದೆ. ಆ ನೀರೆಲ್ಲ ತಣ್ಣನೆ ತಗಡಿಗೆ ಅಂಟಿ ಹಿಮವಾಗುತ್ತದೆ, ಬಿಸಿಲು ಬಿದ್ದ ಕೂಡಲೇ ರಜಾಯಿ ಮೇಲೆ ತೊಟ್ಟಿಕ್ಕುತ್ತದೆ. ಇನ್ನು ನಮ್ಮ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಬ್ಯುಟೇನ್ ಇರುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಗ್ಯಾಸ್ ಆಗೋದಿಲ್ಲ, ಹಾಗೇ ದ್ರವವಾಗಿ ಕೂರುತ್ತದೆ. ಅಂದರೆ ಚಳಿ ಜಾಸ್ತಿ ಆದಷ್ಟೂ ಉರಿ ಸಣ್ಣಗಾಗುತ್ತದೆ. ಅಡುಗೆಗೆ ಒಲೆ ಇರಲಿ, ಕಿಟಕಿ ಒಂದಿಷ್ಟು ತೆರೆದು ಅಡುಗೆ ಮಾಡಿ, ಆಮೇಲೆ ಸಿಲಿಂಡರ್ ಬಂದ್ ಮಾಡಿ. ಗಾಡಿ ಬಿಸಿ ಮಾಡೋದಕ್ಕೆ ಅಂತ ಒಲೆ ಹಚ್ಚಬೇಡಿ.

ಡೀಸೆಲ್ ಹೀಟರ್ ತಗೋ. ಸೀಟಿನ ಕೆಳಗೆ ಕೂರುವಷ್ಟು ಚಿಕ್ಕದು. ಒಂದು ಪೈಪು ಗಾಡಿಯ ಕೆಳಗಿನಿಂದ ಹೊರಗಿನ ಗಾಳಿ ಎಳೆಯುತ್ತದೆ. ಚಿಕ್ಕ ಪಂಪು ಟಿಕ್ ಟಿಕ್ ಅಂತ ಡೀಸೆಲ್ ಹನಿಸುತ್ತದೆ. ಗ್ಲೋ ಪ್ಲಗ್ ಅದನ್ನು ಹೊತ್ತಿಸುತ್ತದೆ. ಉರಿ ಪೂರ್ತಿ ಅಲ್ಯೂಮಿನಿಯಂ ಡಬ್ಬಿಯೊಳಗೆ ಇರುತ್ತದೆ, ಹೊಗೆ ಇನ್ನೊಂದು ಪೈಪಿನಿಂದ ಕೆಳಗೆ ಹೋಗುತ್ತದೆ. ಒಳಗಿನ ಗಾಳಿಯನ್ನು ಒಂದು ಫ್ಯಾನ್ ಆ ಡಬ್ಬಿಯ ರೆಕ್ಕೆಗಳ ಮೇಲೆ ಹಾಯಿಸಿ ಬಿಸಿ ಮಾಡಿ ವಾಪಸ್ ಬಿಡುತ್ತದೆ. ಎರಡು ಗಾಳಿ ಎಲ್ಲೂ ಕೂಡೋದಿಲ್ಲ. ವೆಬಾಸ್ಟೊ, ಎಬರ್‌ಸ್ಪೆಕರ್ ಅಂತ ಜರ್ಮನ್ ಕಂಪನಿಗಳದ್ದು ದುಬಾರಿ. ಆನ್‌ಲೈನ್‌ನಲ್ಲಿ ಸಿಗುವ ಚೀನಾ ಮಾಲು ಅದೇ ನಮೂನೆಯದ್ದು, ಅಗ್ಗ. ಅಗ್ಗದ್ದು ತಗೊಂಡರೂ ನಾನು ಬೇಡ ಅನ್ನೋದಿಲ್ಲ. ಆದರೆ ಅದರ ಜೊತೆ ಬರುವ ಪೈಪು, ಕ್ಲಿಪ್ಪು, ವಾಯರ್ ಎಲ್ಲ ಬಿಸಾಕಿ ಒಳ್ಳೆಯದು ಹಾಕಿಸು.

ಇರು, ಕಂಪ್ರೆಸರ್ ಶುರುವಾಯಿತು, ಬಾಗಿಲು ಹಾಕಿ ಬರುತ್ತೇನೆ. ಹಾಂ, ಈಗ ಕೇಳಿಸುತ್ತದೆ ಅಲ್ವಾ?

ಕೂಡಿಸುವವನು ಎಷ್ಟೇ ಜಾಣ ಇರಲಿ, ಪಕ್ಕದಲ್ಲಿ ನಿಂತು ನೋಡು. ಹೊಗೆ ಪೈಪಿನ ಜೋಡಣೆ ನೆಲದ ಪ್ಲೇಟಿಗಿಂತ ಕೆಳಗೆ, ಅಂದರೆ ಗಾಡಿಯ ಹೊರಗೇ ಇರಬೇಕು. ಒಳಗೆ ಒಂದು ಜಾಯಿಂಟೂ ಇರಬಾರದು. ಹೊಗೆ ಪೈಪಿನ ಬಾಯಿ ಮತ್ತು ಗಾಳಿ ಎಳೆಯುವ ಬಾಯಿ ದೂರ ದೂರ ಇರಲಿ, ಇಲ್ಲದಿದ್ದರೆ ತಾನು ಬಿಟ್ಟ ಹೊಗೆಯನ್ನು ತಾನೇ ಎಳೆದುಕೊಳ್ಳುತ್ತದೆ. ಟೈರು, ಬ್ರೇಕ್ ಪೈಪು, ಡೀಸೆಲ್ ಪೈಪು ಹತ್ತಿರ ಹೊಗೆ ಪೈಪು ಹಾಯಬಾರದು, ಅದು ಸುಡುತ್ತದೆ. ಅಲ್ಲಿ ಹಿಮ ಬಿದ್ದರೆ ಮಲಗುವ ಮುಂಚೆ ಇಳಿದು ಕೆಳಗೆ ನೋಡು. ಹಿಮದಲ್ಲಿ ಹೊಗೆ ಬಾಯಿ ಮುಚ್ಚಿಹೋಗಿದ್ದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಆಫ್ ಮಾಡಿದ ಮೇಲೂ ಕೆಲವು ನಿಮಿಷ ಫ್ಯಾನ್ ತಿರುಗುತ್ತದೆ, ಒಳಗಿನ ಡಬ್ಬಿ ತಣ್ಣಗಾಗಬೇಕು. ಮೇನ್ ಸ್ವಿಚ್ ತೆಗೆದು ನಿಲ್ಲಿಸಿದರೆ ಆ ಬಿಸಿಗೆ ಒಳಗಿನ ಸಾಮಾನು ಹಾಳಾಗುತ್ತದೆ.

ಎಷ್ಟು ದೊಡ್ಡದು ಬೇಕು? ಅಂಗಡಿಯವರು 5 ಕಿಲೋವಾಟ್, 8 ಕಿಲೋವಾಟ್ ಅಂತ ತೋರಿಸುತ್ತಾರೆ. ನಿನಗೆ 2 ಸಾಕು. ಆದರೆ ಮೊದಲು ತಗಡಿಗೆ ಬಟ್ಟೆ ತೊಡಿಸು. ಲೆಕ್ಕ ಹೇಳುತ್ತೇನೆ. ಹಿಂದಿನ ಮಲಗುವ ಭಾಗದ ಗೋಡೆ, ಟಾಪು, ನೆಲ ಸೇರಿ 25 ಚದರ ಮೀಟರ್ ಹಿಡಿ. ಹೊರಗೆ ಮೈನಸ್ 15, ಒಳಗೆ 15 ಡಿಗ್ರಿ ಬೇಕು ಅಂದುಕೋ. ಬರೀ ತಗಡಾದರೆ ಮೂರೂವರೆ, ನಾಲ್ಕು ಕಿಲೋವಾಟ್ ಸುಮ್ನೆ ಹೊರಗೆ ಹೋಗುತ್ತದೆ. 20 ಮಿಲಿಮೀಟರ್ ಫೋಮ್ ಒತ್ತಿ ಅಂಟಿಸಿದರೆ ಅದು ಒಂದು ಕಿಲೋವಾಟ್ ಹತ್ತಿರ ಬರುತ್ತದೆ. ಏಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟ್ ಇದೆಯಲ್ಲ, ಅದೇ ಒಳ್ಳೆಯದು. ನೀರು ಹೀರೋದಿಲ್ಲ, ತಗಡಿಗೆ ಮೈಗೆ ಮೈ ಅಂಟುತ್ತದೆ, ಹಿಂದೆ ಹಬೆ ಸೇರಿ ತುಕ್ಕು ಹಿಡಿಯೋದಿಲ್ಲ. ಥರ್ಮೋಕೋಲ್ ಬೇಡ. ಮುಂದಿನ ಗಾಜು ಎಲ್ಲಕ್ಕಿಂತ ದೊಡ್ಡ ತೂತು, ಡ್ರೈವರ್ ಸೀಟಿನ ಹಿಂದೆ ದಪ್ಪ ಪರದೆ ಕಟ್ಟು. ಅವ್ವನ ಹಳೆಯ ಕುರಿ ಕಂಬಳಿ ಎರಡು ಅಟ್ಟದ ಮೇಲಿವೆ, ಸುಮ್ನೆ ಬಿದ್ದಿವೆ, ಬಂದು ಒಯ್ಯಿ.

ದೊಡ್ಡ ಹೀಟರ್ ಯಾಕೆ ಬೇಡ ಅಂದೆ ಗೊತ್ತಾ? ಚಿಕ್ಕ ಜಾಗದಲ್ಲಿ ಅದು ಯಾವಾಗಲೂ ಸಣ್ಣ ಉರಿಯಲ್ಲೇ ಇರುತ್ತದೆ. ಸಣ್ಣ ಉರಿಯಲ್ಲಿ ಮಸಿ ಕಟ್ಟುತ್ತದೆ. ಸ್ಪಿತಿಯಲ್ಲಿ ಇದು ಇನ್ನೂ ಜಾಸ್ತಿ. ನಾವು ಇಲ್ಲಿ ಸುಮಾರು 750 ಮೀಟರ್ ಎತ್ತರದಲ್ಲಿದ್ದೇವೆ, ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರರಲ್ಲಿ ಎರಡು ಭಾಗ ಮಾತ್ರ. ಪಂಪು ಮಾತ್ರ ಇಲ್ಲಿನಷ್ಟೇ ಡೀಸೆಲ್ ಹಾಕುತ್ತ ಹೋದರೆ ಅರ್ಧಂಬರ್ಧ ಉರಿದು ಕಪ್ಪು ಹೊಗೆ ಬರುತ್ತದೆ, ಒಂದು ದಿನ ಹೊತ್ತಿಕೊಳ್ಳೋದೇ ಇಲ್ಲ. ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ಸೆಟ್ಟಿಂಗ್ ಇರುವ ಹೀಟರನ್ನೇ ತಗೋ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಫುಲ್ ಉರಿಯಲ್ಲಿ ಬಿಟ್ಟು ಮಸಿ ಸುಡಿಸು. ಎತ್ತರಕ್ಕೆ ಹೋದಂತೆ ಹೀಟರಿನ ಬಲವೂ ಇಳಿಯುತ್ತದೆ, ಅದಕ್ಕೇ ಫೋಮಿಗೆ ಅಷ್ಟು ಒತ್ತು ಕೊಟ್ಟೆ. ಅಲ್ಲಿ ರಾತ್ರಿ ಮೈನಸ್ 20ಕ್ಕೂ ಇಳಿಯುತ್ತದೆ. ಒಳಗೆ 10 ಡಿಗ್ರಿ ಇದ್ದರೆ ರಜಾಯಿಯೊಳಗೆ ಸುಖವಾಗಿ ನಿದ್ದೆ ಬರುತ್ತದೆ, ಬನಿಯನ್ ಹಾಕಿಕೊಂಡು ಕೂರುವಷ್ಟು ಬಿಸಿ ಯಾಕೆ ಬೇಕು?

ಡೀಸೆಲ್ ಬಗ್ಗೆ ಒಂದು ಮಾತು. ಇಲ್ಲಿನ ಬಂಕಿನ ಡೀಸೆಲ್ ಅಲ್ಲಿನ ಚಳಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಹೀಟರಿಗಷ್ಟೇ ಅಲ್ಲ, ಗಾಡಿಯ ಫಿಲ್ಟರಿಗೂ ಅದೇ ಗತಿ. ಲಡಾಖ್, ಕಾರ್ಗಿಲ್, ಕಾಜಾ ಕಡೆಯ ಚಳಿಗೆ ಅಂತಲೇ ಇಂಡಿಯನ್ ಆಯಿಲ್‌ನವರು 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿದ್ದಾರೆ. ಟ್ಯಾಂಕ್ ಖಾಲಿ ಮಾಡುತ್ತ ಹೋಗಿ, ಮೇಲೆ ಹತ್ತುವಾಗ ಅಲ್ಲಿನದ್ದನ್ನು ಕೇಳಿ ತುಂಬಿಸು. ಹೀಟರಿನ ಚಿಕ್ಕ ಡೀಸೆಲ್ ಟ್ಯಾಂಕನ್ನೂ ಮರೆಯಬೇಡ. ಖರ್ಚು ಹೆದರುವಷ್ಟಿಲ್ಲ, 2 ಕಿಲೋವಾಟ್‌ನದ್ದು ಫುಲ್ ಉರಿದರೂ ಗಂಟೆಗೆ ಕಾಲು ಲೀಟರ್ ಒಳಗೇ. ಬ್ಯಾಟರಿಯಿಂದ ಶುರುವಿನಲ್ಲಿ 8, 10 ಆಂಪಿಯರ್ ಎಳೆಯುತ್ತದೆ, ಗ್ಲೋ ಪ್ಲಗ್ ಆರಿದ ಮೇಲೆ ಒಂದೆರಡು ಆಂಪಿಯರ್. ಲಿಥಿಯಂ ಬ್ಯಾಟರಿ ಹಾಕಿಸಿದ್ದರೆ ಅದನ್ನು ಬೆಚ್ಚಗಿನ ಜಾಗದಲ್ಲಿ ಇಡು, ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಇನ್ನೊಂದು, ಜನವರಿಯಲ್ಲಿ ಮನಾಲಿ ಕಡೆಯ ಕುಂಜುಮ್ ಘಾಟಿನ ದಾರಿ ಬಂದ್ ಇರುತ್ತದೆ. ಶಿಮ್ಲಾ, ಕಿನ್ನೌರ್ ಮೇಲೆ ಹೋಗಬೇಕು. ನಿನಗೆ ಗೊತ್ತಿರುತ್ತದೆ ಬಿಡು.

ಸೊಸೆಗೂ ಕೇಳಿಸು ಇದನ್ನು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಅಂತ ಬೇರೆಯೇ ಸಿಗುತ್ತದೆ, ಹೊಗೆ ಅಲಾರಂ ಅಲ್ಲ. ಅದನ್ನು ತಲೆದಿಂಬಿನ ಎತ್ತರಕ್ಕೆ ಹಾಕಿಸು. ಗ್ಯಾಸ್ ಸೋರಿಕೆಯದ್ದು ಇನ್ನೊಂದು, ಅದು ನೆಲದ ಹತ್ತಿರ ಇರಲಿ, ಎಲ್‌ಪಿಜಿ ಗಾಳಿಗಿಂತ ಭಾರ. ಇಷ್ಟು ಹಟ ಯಾಕೆ ಅಂದರೆ, ಈ ವಿಷಗಾಳಿಯ ಮೊದಲ ಲಕ್ಷಣ ತಲೆನೋವು, ವಾಕರಿಕೆ, ಸುಸ್ತು. ಎತ್ತರಕ್ಕೆ ಹೋದಾಗ ಬರುವ ತ್ರಾಸಿಗೂ ಅದೇ ಲಕ್ಷಣ. ಕಾಜಾದಲ್ಲಿ ತಲೆ ನೋವಾದರೆ ಇಬ್ಬರೂ ಎತ್ತರದ್ದು ಅಂತ ಗುಳಿಗೆ ತಗೊಂಡು ಮಲಗಿಬಿಡುತ್ತೀರಿ. ಅಲಾರಂ ಇಲ್ಲದೆ ಯಾವುದು ಯಾವುದು ಅಂತ ತಿಳಿಯೋದಿಲ್ಲ. ಅಲಾರಂ ಕೂಗಿದರೆ ಮೊದಲು ಬಾಗಿಲು ತೆಗೆದು ಹೊರಗೆ ಬನ್ನಿ, ಹೀಟರ್ ಕಡೆ ಆಮೇಲೆ ನೋಡಿ.

ಈಗ ಭಾವ. ನಿಮ್ಮ ಶೆಡ್ಡಿಗೆ ಆ ಹೀಟರ್ ಹಾಕಿದರೆ ದುಡ್ಡು ದಂಡ. 20 ಅಡಿ ಎತ್ತರದ ಶೀಟಿನ ಟಾಪು, ಒಂದು ಕಡೆ ಶಟರ್ ಯಾವಾಗಲೂ ತೆರೆದೇ ಇರುತ್ತದೆ. ಬಿಸಿ ಗಾಳಿ ಮೇಲೆ ಹೋಗಿ ಪಾರಿವಾಳಗಳಿಗೆ ಬೆಚ್ಚಗಾಗುತ್ತದೆ ಅಷ್ಟೇ. ನಮ್ಮ ಚಳಿ ಬೆಳಗಿನ ಎರಡು ಮೂರು ತಾಸಿನದ್ದು. ಶೆಡ್ ಬಿಟ್ಟು ಮನುಷ್ಯನನ್ನು ಬಿಸಿ ಮಾಡಿ. ಕೂತು ಫಿಟ್ಟಿಂಗ್ ಮಾಡುವ ಬೆಂಚುಗಳ ಮೇಲೆ ಒಂದೊಂದು ಕ್ವಾರ್ಟ್ಜ್ ರಾಡಿನ ಹೀಟರ್ ತೂಗುಹಾಕಿ, ಅದು ಗಾಳಿಯನ್ನಲ್ಲ, ಎದುರಿಗಿರುವ ಕೈಯನ್ನೇ ಬಿಸಿ ಮಾಡುತ್ತದೆ. ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಚಳಿ ಅರ್ಧ ಹತ್ತೋದು ಕಾಂಕ್ರೀಟ್ ನೆಲದಿಂದ ಕಾಲಿಗೆ. ಪೇಂಟಿಂಗ್ ಮೂಲೆ ಹತ್ತಿರ ಮಾತ್ರ ಯಾವ ಕೆಂಪು ರಾಡೂ ಬೇಡ, ಥಿನ್ನರ್ ಹಬೆ ಹೊತ್ತಿಕೊಳ್ಳುತ್ತದೆ. ನಿಮ್ಮ ಪಕ್ಕದ ಶೆಡ್ಡಿನವರು ಸುಟ್ಟ ಆಯಿಲ್ ಉರಿಸುತ್ತಾರೆ ಅಂದಿರಲ್ಲ, ಅದನ್ನು ನೋಡಿ ಕಲಿಯಬೇಡಿ. ಹೊಗೆಯಲ್ಲಿ ಲೋಹದ ಕಣ ಇರುತ್ತದೆ, ಕಾಯ್ದೆಯಲ್ಲೂ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ.

ನಿಜವಾಗಿ ಬಿಸಿ ಬೇಕಾದದ್ದು ಪೀಸುಗಳ ಅಳತೆ ನೋಡುವ ನಿಮ್ಮ ಇನ್ಸ್‌ಪೆಕ್ಷನ್ ಕೋಣೆಗೆ. ಅಳತೆ ಹಿಡಿಯೋದಕ್ಕೆ ಜಗತ್ತೆಲ್ಲ ಒಪ್ಪಿದ ಲೆಕ್ಕ 20 ಡಿಗ್ರಿ. ಡಿಸೆಂಬರ್ ಬೆಳಿಗ್ಗೆ ನಿಮ್ಮ ಕೋಣೆ 12ರಲ್ಲಿ ಇರುತ್ತದೆ. ಒಂದು ಮೀಟರ್ ಉಕ್ಕು ಡಿಗ್ರಿಗೆ ಸುಮಾರು 12 ಮೈಕ್ರಾನ್ ಬದಲಾಗುತ್ತದೆ, ಅಲ್ಯೂಮಿನಿಯಂ 23. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. 100 ಮಿಲಿಮೀಟರ್ ಅಲ್ಯೂಮಿನಿಯಂ ಬಾಡಿಯನ್ನು ಅಳತೆಯ ಉಕ್ಕಿನ ಗೇಜಿನಲ್ಲಿ ನೋಡಿದರೆ 8 ಡಿಗ್ರಿ ಚಳಿಗೆ ಹತ್ತಿರ ಹತ್ತಿರ 9 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಬೆಳಿಗ್ಗೆ ಪಾಸಾದದ್ದು ಮಧ್ಯಾಹ್ನ ಯಾಕೆ ರಿಜೆಕ್ಟ್ ಆಯಿತು ಅಂತ ಹುಡುಗರನ್ನು ಬಯ್ಯುತ್ತೀರಲ್ಲ, ಒಮ್ಮೆ ಥರ್ಮಾಮೀಟರ್ ಇಟ್ಟು ನೋಡಿ. ಚಿಕ್ಕ ಕೋಣೆ ಅದು, ಸೀಲಿಂಗ್ ಹಾಕಿಸಿ, ಬಾಗಿಲ ಸಂದಿ ಮುಚ್ಚಿ, ಬಿಸಿಯನ್ನೂ ಕೊಡುವ ಇನ್ವರ್ಟರ್ ಏಸಿ ಒಂದು ಕೂಡಿಸಿ, ಬೇಸಿಗೆಗೂ ಅದೇ ಆಗುತ್ತದೆ. ಪೀಸುಗಳನ್ನು ಹಿಂದಿನ ರಾತ್ರಿಯೇ ಒಳಗಿಡಿ. ಹೈಡ್ರಾಲಿಕ್ ಪ್ರೆಸ್‌ನ ಆಯಿಲ್ ಬೆಳಿಗ್ಗೆ ದಪ್ಪಗಿರುತ್ತದೆ, ಲೋಡ್ ಇಲ್ಲದೆ ಒಂದಿಷ್ಟು ಹೊತ್ತು ಓಡಿಸಿ ಆಮೇಲೆ ಕೆಲಸ ಹಿಡಿಯಲಿ.

ತಮ್ಮಾ, ಹೀಟರ್ ಕೂಡಿಸಿದ ಮೇಲೆ ಸೀದಾ ಹೊರಡಬೇಡ. ನಮ್ಮ ಅಂಗಳದಲ್ಲೇ ಗಾಡಿ ನಿಲ್ಲಿಸಿ, ಅಲಾರಂ ಹಚ್ಚಿ, ಎಲ್ಲ ಕಿಟಕಿ ಮುಚ್ಚಿ ಒಂದು ರಾತ್ರಿಪೂರ್ತಿ ಓಡಿಸಿ ನೋಡೋಣ, ಒಳಗೆ ಯಾರೂ ಮಲಗೋದು ಬೇಡ. ರಬ್ಬರ್ ಶೀಟಿಗೆ ಗೋಡೆಯ ಅಳತೆ ಕಳಿಸು. ಭಾವ, ನೀವೂ ಬೆಂಚಿನ ಮುಂದಿನ ಜಾಗದ ಅಳತೆ ಕಳಿಸಿ, ಮ್ಯಾಟ್ ಜೊತೆಗೇ ತರಿಸುತ್ತೇನೆ.