ಮೆಕ್ಸಿಕನ್ ಬಗೆಯ ಕೋಳಿ–ಜೋಳದ ಕೆನೆ ಸೂಪು: ನಿಂಬೆ ಹಿಂಡಿದೊಡನೆ ಒಡೆಯಿತು, ಸಿಹಿಯೂ ಹೆಚ್ಚಾಯಿತು

ಪ್ರಶ್ನೆ: ಭಾನುವಾರದಡುಗೆ (ಬೆಂಗಳೂರು)

ನಮಸ್ಕಾರ. ಕಳೆದ ವಾರ ನಾಲ್ವರಿಗಾಗಿ ಮೆಕ್ಸಿಕನ್ ಬಗೆಯ ಕೋಳಿ ಮತ್ತು ಜೋಳದ ಕೆನೆ ಸೂಪನ್ನು ಮಾಡಲು ಹೋಗಿ ಒಂದಲ್ಲ, ಮೂರು ಕಡೆ ಎಡವಿದೆ. ಮೂಳೆಯಿಲ್ಲದ ಅರ್ಧ ಕಿಲೋ ಎದೆಮಾಂಸವನ್ನು ಕುಕ್ಕರಿನಲ್ಲಿ ನಾಲ್ಕು ವಿಷಲ್ ಬರುವವರೆಗೆ ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ಆ ನೀರಿಗೇ ಒಂದು ಪೊಟ್ಟಣ ಸ್ವೀಟ್ ಕಾರ್ನ್, ಈರುಳ್ಳಿ, ಬೆಳ್ಳುಳ್ಳಿ, ಕ್ಯಾಪ್ಸಿಕಂ ಮತ್ತು ಎರಡು ಚಮಚ ಜೀರಿಗೆ ಪುಡಿ ಹಾಕಿ ಕುದಿಸಿದೆ. ಕೊನೆಯಲ್ಲಿ ಫ್ರಿಜ್ಜಿನಿಂದ ತೆಗೆದ 200 ಮಿಲಿಲೀಟರ್ ಫ್ರೆಶ್ ಕ್ರೀಮನ್ನು ಸುರಿದು, ಕುದಿಯುತ್ತಿರುವಾಗಲೇ ಒಂದು ನಿಂಬೆಹಣ್ಣನ್ನು ಹಿಂಡಿದೆ. ನೋಡನೋಡುತ್ತಿದ್ದಂತೆ ಸೂಪು ನೀರಾಗಿ, ಮೇಲೆಲ್ಲ ಬಿಳಿಯ ತರಿ ತೇಲಿತು. ಗಾಬರಿಯಲ್ಲಿ ಕಾರ್ನ್‌ಫ್ಲೋರ್ ಕದಡಿ ಹಾಕಿದ್ದರಿಂದ ತಕ್ಕಮಟ್ಟಿಗೆ ಒಂದಾಯಿತಾದರೂ, ಬಾಯಿಗಿಟ್ಟವರೆಲ್ಲ "ಇದು ಚೈನೀಸ್ ಹೋಟೆಲಿನ ಸ್ವೀಟ್ ಕಾರ್ನ್ ಸೂಪಲ್ಲವೇ?" ಎಂದರು. ಮಾಂಸವೂ ನಾರುನಾರಾಗಿತ್ತು. ಎಲ್ಲಿ ತಪ್ಪಿದೆನೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಇಂಥ ಸೂಪಿಗೆ ಮೆಕ್ಸಿಕೋದವರು ಬಳಸುವ ಪೊಬ್ಲಾನೊ ಮೆಣಸಿನಕಾಯಿ ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಸಿಗುವುದಿಲ್ಲ ಎಂಬುದನ್ನೂ ಗಮನದಲ್ಲಿಟ್ಟುಕೊಳ್ಳಬೇಕಾಗಿ ಕೋರುತ್ತೇನೆ.

ಉತ್ತರ: ಮಂದ ಉರಿ (ಮೈಸೂರು)

ಒಡೆದದ್ದಕ್ಕೆ ಕೆನೆಯನ್ನು ದೂರಬೇಡಿ. ಮನೆಯಲ್ಲಿ ಪನೀರು ಮಾಡುವಾಗ ಏನು ಮಾಡುತ್ತೇವೆಯೋ ನೀವೂ ಅದನ್ನೇ ಮಾಡಿದ್ದೀರಿ. ಕುದಿಯುವ ಹಾಲಿನ ಪದಾರ್ಥಕ್ಕೆ ಹುಳಿ ಹಿಂಡಿದ್ದೀರಿ. ನಮ್ಮಲ್ಲಿ ಫ್ರೆಶ್ ಕ್ರೀಮ್ ಎಂದು ಪೊಟ್ಟಣದಲ್ಲಿ ಸಿಗುವುದರಲ್ಲಿ ಕೊಬ್ಬು ಸಾಮಾನ್ಯವಾಗಿ ಶೇಕಡ 20ರಿಂದ 25ರಷ್ಟಿರುತ್ತದೆ. ಕೊಬ್ಬು ಕಡಿಮೆಯಾದಷ್ಟೂ ಹಾಲಿನ ಪ್ರೋಟೀನು ಶಾಖಕ್ಕೂ ಹುಳಿಗೂ ಬೇಗನೆ ಗಂಟುಕಟ್ಟುತ್ತದೆ. ಆದ್ದರಿಂದ ಕೆನೆಯನ್ನು ಮೊದಲೇ ಹೊರಗಿಟ್ಟು ತಣ್ಣಗಿರದಂತೆ ನೋಡಿಕೊಳ್ಳಿ, ಅದಕ್ಕೆ ಒಂದೆರಡು ಸೌಟು ಬಿಸಿ ಸೂಪನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ಹದಮಾಡಿಕೊಳ್ಳಿ, ಒಲೆ ಆರಿಸಿದ ಮೇಲೆ ಪಾತ್ರೆಗೆ ಸುರಿಯಿರಿ. ಅದಾದ ಬಳಿಕ ಮತ್ತೆ ಕುದಿ ಬರಿಸಬೇಡಿ. ನಿಂಬೆಯ ಹೋಳುಗಳನ್ನು ತಟ್ಟೆಯಲ್ಲಿಟ್ಟು, ಬೇಕಾದವರು ತಮ್ಮ ಬಟ್ಟಲಿಗೆ ಹಿಂಡಿಕೊಳ್ಳಲಿ.

ಮಾಂಸದ ವಿಷಯದಲ್ಲಿ ಒಂದೇ ಮಾತು: ಎದೆಮಾಂಸಕ್ಕೆ ನಾಲ್ಕು ವಿಷಲ್ ಎಂದರೆ ಅದಕ್ಕೆ ಶಿಕ್ಷೆ ಕೊಟ್ಟಂತೆ. ಮೂಳೆಸಹಿತ ತೊಡೆಯ ತುಂಡುಗಳನ್ನು ಒಂದೂಕಾಲು ಲೀಟರ್ ತಣ್ಣೀರಿನಲ್ಲಿ ಹಾಕಿ, ನೀರು ಅಂಚಿನಲ್ಲಿ ಮಾತ್ರ ಮಿಸುಕುವಷ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆಗಿಂತ ತುಸು ಹೆಚ್ಚು ಬೇಯಿಸಿ. ಥರ್ಮಾಮೀಟರ್ ಇದ್ದರೆ ಮಾಂಸದ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಬಿಡಿಸಿದ ಮಾಂಸವನ್ನು ಸೂಪಿನೊಂದಿಗೆ ಕುದಿಸದೆ, ಬಡಿಸುವ ಮುನ್ನ ಸೇರಿಸಿದರೆ ಸಾಕು.

ಉತ್ತರ: ಪ್ವೆಬ್ಲಾದಲ್ಲಿದ್ದವರು

ಕೆಲಸದ ನಿಮಿತ್ತ ಮೂರು ವರ್ಷ ಮೆಕ್ಸಿಕೋದ ಪ್ವೆಬ್ಲಾ ನಗರದಲ್ಲಿದ್ದೆ. ಪೊಬ್ಲಾನೊ ಎಂದರೆ 'ಪ್ವೆಬ್ಲಾದ್ದು' ಎಂದೇ ಅರ್ಥ. ನಿಮ್ಮ ಸೂಪು ಚೈನೀಸ್ ಆದದ್ದಕ್ಕೆ ಕಾರ್ನ್‌ಫ್ಲೋರ್ ಅರ್ಧ ಕಾರಣವಾದರೆ, ಜೋಳ ಇನ್ನರ್ಧ ಕಾರಣ. ಅಲ್ಲಿ ಎಲೋತೆ ಎಂದು ಕರೆಯುವ ಎಳೆಯ ಜೋಳವು ನಮ್ಮ ಸ್ವೀಟ್ ಕಾರ್ನಿನಂತೆ ಸಕ್ಕರೆಯಾಗಿರುವುದಿಲ್ಲ. ಕಾಳು ದಪ್ಪ, ಅಗಿದರೆ ಹಿಟ್ಟುಹಿಟ್ಟು. ಅದಕ್ಕೆ ಹತ್ತಿರವಾದದ್ದು ಗಾಡಿಯವರು ಕೆಂಡದ ಮೇಲೆ ಸುಟ್ಟು, ಉಪ್ಪು, ಖಾರದ ಪುಡಿ ಅದ್ದಿದ ನಿಂಬೆಹೋಳಿನಿಂದ ಉಜ್ಜಿಕೊಡುವ ನಾಟಿ ಮುಸುಕಿನ ಜೋಳ. ಅದರ ನಾಲ್ಕು ಎಳೆಯ ತೆನೆಗಳನ್ನು ತಂದು, ಕಾಳನ್ನು ಚಾಕುವಿನಿಂದ ಹೆರೆದ ಮೇಲೆ ಉಳಿಯುವ ದಿಂಡುಗಳನ್ನು ಎಸೆಯದೆ ಕೋಳಿ ಬೇಯುವ ನೀರಿಗೇ ಹಾಕಿ. ಜೋಳದ ಪರಿಮಳ ಅವುಗಳಿಂದಲೇ ಇಳಿಯುತ್ತದೆ. ಕಾಳನ್ನು ಬೆಣ್ಣೆಯಲ್ಲಿ ಈರುಳ್ಳಿಯೊಂದಿಗೆ ಬಾಡಿಸಿ, ಕೋಳಿಯ ನೀರಿನಲ್ಲಿ ಬೇಯಿಸಿ, ಮೂರರಲ್ಲಿ ಎರಡು ಪಾಲನ್ನು ನುಣ್ಣಗೆ ರುಬ್ಬಿ ಸೋಸಿದರೆ ಬೇರೆ ಹಿಟ್ಟೇ ಬೇಡ. ಸೋಸುವುದನ್ನು ಮಾತ್ರ ಬಿಡಬೇಡಿ, ಸಿಪ್ಪೆ ನಾಲಿಗೆಗೆ ಅಡ್ಡ ಸಿಗುತ್ತದೆ.

ಇನ್ನು ಮೆಣಸಿನಕಾಯಿ. ಹಸಿ ಕ್ಯಾಪ್ಸಿಕಂ ಅನ್ನು ಹೆಚ್ಚಿ ಹಾಕಿದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಆ ರುಚಿಯಿರುವುದು ಸುಡುವುದರಲ್ಲಿ. ಒಂದು ಹಸಿರು ಕ್ಯಾಪ್ಸಿಕಂ ಮತ್ತು ಎರಡು ಬಜ್ಜಿ ಮೆಣಸಿನಕಾಯಿಗಳನ್ನು, ಗೊಜ್ಜಿಗೆ ಬದನೆಕಾಯಿ ಸುಡುವಂತೆ, ಗ್ಯಾಸಿನ ಉರಿಯ ಮೇಲೆ ನೇರವಾಗಿಟ್ಟು ತಿರುಗಿಸುತ್ತ ಸುಡಿ. ಸಿಪ್ಪೆ ಪೂರ್ತಿ ಕಪ್ಪಾಗಿ ಬೊಬ್ಬೆಯೆದ್ದ ಮೇಲೆ ಪಾತ್ರೆಯಲ್ಲಿಟ್ಟು ಮುಚ್ಚಿ, ಹತ್ತು ನಿಮಿಷ ತಮ್ಮದೇ ಹಬೆಯಲ್ಲಿ ಬೆವರಲು ಬಿಡಿ. ಆಮೇಲೆ ಸಿಪ್ಪೆ ಕೈಗೇ ಬರುತ್ತದೆ. ಅವಸರಕ್ಕೆ ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಸುಟ್ಟ ಪರಿಮಳವೂ ತೊಳೆದುಹೋಗುತ್ತದೆ. ಒಂದೆರಡು ಕಪ್ಪು ಚುಕ್ಕೆ ಉಳಿದರೆ ಉಳಿಯಲಿ. ಬೀಜ ತೆಗೆದು, ಉದ್ದಕ್ಕೆ ಸೀಳಿ ಸೂಪಿಗೆ ಹಾಕಿ. ಪೊಬ್ಲಾನೊವನ್ನು ಹಣ್ಣಾಗಿಸಿ ಒಣಗಿಸಿದರೆ ಆಂಚೊ ಎನ್ನುತ್ತಾರೆ. ಅದರ ಜಾಗದಲ್ಲಿ, ಬಣ್ಣ ಹೆಚ್ಚಿದ್ದು ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಿ, ಬಟ್ಟಲಿನ ಮೇಲೆ ಒಂದು ಚಮಚ ಬಿಡಬಹುದು.

ಉತ್ತರ: ರುಬ್ಬುಗುಂಡು

ಮೇಲಿನವರು ಬೇರೆ ಹಿಟ್ಟೇ ಬೇಡವೆಂದದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ರುಬ್ಬಿದ ಎಳೆಗಾಳಿನಿಂದ ಮಂದವಾಗುತ್ತದೆ, ನಿಜ; ಆದರೆ ಮೆಕ್ಸಿಕೋದವರ ಮೆಕ್ಕೆಜೋಳದ ರೊಟ್ಟಿಯಾದ ಟೋರ್ಟಿಯಾ ಮುರಿದಾಗ ಬರುವ ಆ ವಿಶಿಷ್ಟ ವಾಸನೆ ಬರುವುದಿಲ್ಲ. ಅದು ಸುಣ್ಣದಿಂದ ಬರುವಂಥದು. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಡಿಲಗೊಂಡ ಸಿಪ್ಪೆಯನ್ನು ಉಜ್ಜಿ ತೊಳೆದು ರುಬ್ಬುವುದೇ ಮೆಕ್ಸಿಕೋದವರ ಮಾಸಾ. ಸುಣ್ಣದ ಈ ಸಂಸ್ಕಾರದಿಂದ ಕಾಳಿನಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಇದನ್ನು ಬಿಟ್ಟು ಬರೀ ಜೋಳವನ್ನಷ್ಟೇ ಕೊಂಡೊಯ್ದ ಯುರೋಪಿನ ಬಡವರಲ್ಲಿ ಪೆಲಾಗ್ರಾ ರೋಗ ಹಬ್ಬಿದ್ದು ಈ ಕಾರಣಕ್ಕೇ. ಇದು ವಿಷಯಾಂತರವೆನಿಸಿದರೆ ಕ್ಷಮಿಸಿ. ಹೇಳಬೇಕಾದದ್ದಿಷ್ಟು: ಮಾಸಾ ಹಿಟ್ಟು ಆನ್‌ಲೈನಿನಲ್ಲಿ ಸಿಕ್ಕರೆ ಎರಡು ಚಮಚವನ್ನು ತಣ್ಣೀರಿನಲ್ಲಿ ಕದಡಿ, ಕೆನೆ ಹಾಕುವ ಮೊದಲು ಸೂಪಿಗೆ ಸೇರಿಸಿ, ಹತ್ತು ನಿಮಿಷ ಕುದಿಸಿ. ಹಿಟ್ಟಿನ ಪಿಷ್ಟವು ಕೆನೆ ಒಡೆಯದಂತೆಯೂ ಸ್ವಲ್ಪ ಕಾಯುತ್ತದೆ.

ಜೀರಿಗೆ ಎರಡು ಚಮಚ ಬಹಳವಾಯಿತು. ಅಷ್ಟು ಜೀರಿಗೆ ಸುರಿಯುವುದು ಗಡಿಯಾಚೆ ಅಮೆರಿಕದ ಟೆಕ್ಸಸ್ ಕಡೆಯ ಅಡುಗೆಯ ರೂಢಿ. ಕಾಲು ಚಮಚಕ್ಕೆ ನಿಲ್ಲಿಸಿ.

ಭಾನುವಾರದಡುಗೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಮತ್ತೆ ಮಾಡಿದೆ. ಮಾಸಾ ಹಿಟ್ಟು ಇನ್ನೂ ಕೈಸೇರಿಲ್ಲವಾದ್ದರಿಂದ ರುಬ್ಬಿದ ಜೋಳವನ್ನೇ ನೆಚ್ಚಿಕೊಂಡೆ. ಗಾಡಿಯವರ ಬಳಿ ಉಗುರಿನಿಂದ ಚುಚ್ಚಿದರೆ ಹಾಲು ಚಿಮ್ಮುವಷ್ಟು ಎಳೆಯದಾದ ನಾಲ್ಕು ತೆನೆಗಳನ್ನು ಆರಿಸಿ ತಂದಿದ್ದೆ. ದಿಂಡು ಹಾಕಿ ಬೇಯಿಸಿದ ಕೋಳಿಯ ನೀರು ನಸುಹಳದಿಯಾಗಿ, ಉಪ್ಪು ಹಾಕುವ ಮೊದಲೇ ರುಚಿಯಾಗಿತ್ತು. ಮೆಣಸಿನಕಾಯಿ ಸುಡುವಾಗ ಮನೆಯಿಡೀ ಘಾಟು ತುಂಬಿ, ಅತ್ತೆಯವರು ಕೆಮ್ಮುತ್ತ ಬಂದು ಕಿಟಕಿ ತೆರೆದರು. ಈ ಬಾರಿ ಕೆನೆ ಒಡೆಯಲಿಲ್ಲ.

ಉಳಿದದ್ದನ್ನು ಮರುದಿನ ಬಿಸಿಮಾಡಿದರೆ ಮತ್ತೆ ಒಡೆದೀತೆಂಬ ಭಯದಿಂದ, ಕೆನೆ ಬೆರೆಸುವ ಮೊದಲೇ ಅರ್ಧ ಸೂಪನ್ನು ಬೇರೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದೆ. ಇಂದು ಬೆಳಿಗ್ಗೆ ಅದನ್ನು ಚೆನ್ನಾಗಿ ಕುದಿಸಿ, ಇಳಿಸಿದ ಮೇಲೆ ಕೆನೆ ಸೇರಿಸಿದೆ. ನಿನ್ನೆಯದಕ್ಕಿಂತ ಮಂದವಾಗಿತ್ತು, ಅರ್ಧ ಲೋಟ ಬಿಸಿನೀರು ಬೇಕಾಯಿತು.